ಬಳ್ಳಾರಿ ಜಾಲಿ ಬಳ್ಳಾರಿಯದ್ದಲ್ಲ

ಸಿರುಗುಪ್ಪದಿಂದ ಬಳ್ಳಾರಿ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡಿ. ಹೊಲ ಮುಗಿದ ಕಡೆ, ಕೆರೆ ಅಂಗಳದಲ್ಲಿ, ಹಳ್ಳದ ದಂಡೆಯಲ್ಲಿ, ಎಲ್ಲೆಲ್ಲೂ ಒಂದೇ ಗಿಡ. ಸಣ್ಣ ಎಲೆ, ಗಟ್ಟಿ ಮುಳ್ಳು, ಹಳದಿ ಬಣ್ಣದ ಉದ್ದನೆ ಕಾಯಿ. ಇಡೀ ಕರ್ನಾಟಕ ಅದನ್ನು ನಮ್ಮ ಸೀಮೆಯ ಹೆಸರಿನಿಂದಲೇ ಕರೆಯುತ್ತದೆ: ಬಳ್ಳಾರಿ ಜಾಲಿ. ಚಿಕ್ಕವನಿದ್ದಾಗ ಅದು ಬಂಡೆ, ಬಿಸಿಲಿನ ಹಾಗೆ ಮೊದಲಿಂದಲೂ ಇಲ್ಲೇ ಇದ್ದದ್ದು ಎಂದುಕೊಂಡಿದ್ದೆ.

ಇಲ್ಲ, ಆ ಗಿಡ ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯದು. 1877ರ ಸುಮಾರಿಗೆ ಜಮೈಕಾದಿಂದ ಬೀಜ ತರಿಸಿ ನಮ್ಮ ಪಕ್ಕದ ಕಡಪ ಸೀಮೆಯಲ್ಲಿ ಬಿತ್ತಿದರು. ಆಗ ಕಡಪ, ಬಳ್ಳಾರಿ ಎರಡೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ನೆಲ ಬೋಳಾಗಿದೆ, ಉರುವಲಿಗೆ ಕಟ್ಟಿಗೆ ಇಲ್ಲ, ಬರ ತಡೆಯುವ ಒಂದು ಗಿಡ ಬೇಕು ಎಂಬುದು ಅಂದಿನ ಲೆಕ್ಕ. ತಂದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ಆ ಲೆಕ್ಕದೊಳಗೆ ಒಂದು ತಪ್ಪು ಇತ್ತು. ಅದೇ ತಪ್ಪನ್ನು ನಾವು ಇವತ್ತಿಗೂ ಮಾಡುತ್ತಿದ್ದೇವೆ. ಮರ ಕಾಣದ ನೆಲವನ್ನು ಖಾಲಿ ನೆಲ ಎಂದುಕೊಳ್ಳುವುದೇ ಆ ತಪ್ಪು.

ಜಾಲಿ ಹೇಗೆ ಹಬ್ಬುತ್ತದೆ ನೋಡಿ. ಅದರ ಕಾಯಿ ಸಿಹಿ. ಕುರಿ, ಆಡು, ದನ ಇಷ್ಟಪಟ್ಟು ತಿನ್ನುತ್ತವೆ. ಬೀಜ ಮಾತ್ರ ಗಟ್ಟಿ, ಹೊಟ್ಟೆಯಲ್ಲಿ ಅರಗುವುದಿಲ್ಲ. ಸಗಣಿ, ಹಿಕ್ಕೆಯ ಜೊತೆ ಗೊಬ್ಬರ ಸಮೇತ ಹೊಸ ಜಾಗಕ್ಕೆ ಬೀಳುತ್ತದೆ. ಗಿಡ ಕಡಿದರೆ ಬುಡದಿಂದ ನಾಲ್ಕಾರು ಕವಲು ಚಿಗುರುತ್ತವೆ. ಬೇರು ಆಳಕ್ಕೆ ಇಳಿದು ನೀರು ಹುಡುಕಿಕೊಳ್ಳುತ್ತದೆ. ಅದು ದಟ್ಟವಾಗಿ ಬೆಳೆದ ಕಡೆ ಕೆಳಗೆ ಹುಲ್ಲು ಏಳುವುದೇ ಕಷ್ಟ. ಬಡವರ ಒಲೆಗೆ ಕಟ್ಟಿಗೆ, ಇದ್ದಿಲು ಸುಡುವವರಿಗೆ ಕೂಲಿ ಅದರಿಂದಲೇ ಸಿಕ್ಕಿದೆ, ಇದನ್ನು ಮರೆಯಬಾರದು. ನಮ್ಮ ದಸರಾದ ಬನ್ನಿಯೂ ಇದೇ ಬಳಗದ ಮರ. ಆದರೆ ಬನ್ನಿ ಹೊಲದ ನಡುವೆ ಒಂಟಿಯಾಗಿ ನಿಂತರೂ ಕೆಳಗಿನ ಬೆಳೆಗೆ ತೊಂದರೆ ಕೊಡುವುದಿಲ್ಲ. ಬಳ್ಳಾರಿ ಜಾಲಿ ಹಾಗಲ್ಲ, ಅದು ಬಂದ ಕಡೆ ಅದೊಂದೇ ಉಳಿಯುತ್ತದೆ.

ಹಾಗಾದರೆ ಅದು ಬರುವ ಮೊದಲು ಅಲ್ಲಿ ಏನಿತ್ತು?

ಇದಕ್ಕೆ ಉತ್ತರ ನಮ್ಮ ಹಳೆಯ ಕಂದಾಯ ದಾಖಲೆಯ ಪದಗಳಲ್ಲೇ ಸ್ವಲ್ಪ ಇದೆ. ನಿಜಾಮರ ಆಡಳಿತದಲ್ಲಿದ್ದ ರಾಯಚೂರು, ಕೊಪ್ಪಳದ ಕಡೆ ಊರ ಹೊರಗಿನ ಬಯಲಿಗೆ ಗಾಯರಾಣ ಎನ್ನುತ್ತಾರೆ. ಹಸು ಮೇಯುವ ಅಡವಿ ಎಂದು ಅದರ ಅರ್ಥ. ಮದ್ರಾಸ್ ಸರ್ಕಾರದ ಕೆಳಗಿದ್ದ ಬಳ್ಳಾರಿಯಲ್ಲಿ ಬಂದದ್ದು ಪರಂಪೋಕು. ಅಂದರೆ ಕಂದಾಯದ ಲೆಕ್ಕದಿಂದ ಹೊರಗಿರುವ ಭೂಮಿ. ಒಂದು ಹೆಸರಿನಲ್ಲಿ ದನ ಇದೆ, ಹುಲ್ಲು ಇದೆ. ಇನ್ನೊಂದರಲ್ಲಿ ಬರೀ ತೆರಿಗೆ. ಕೊನೆಗೆ ಗೆದ್ದದ್ದು ಎರಡನೆಯ ಯೋಚನೆ. ತೆರಿಗೆ ಬರದ ನೆಲ ಪಾಳು, ಪಾಳು ಬಿದ್ದದ್ದನ್ನು ಯಾರು ಏನು ಬೇಕಾದರೂ ಮಾಡಬಹುದು ಎಂದಾಯಿತು.

ಜೀವವೈವಿಧ್ಯ ಎಂಬ ಪದ ಕೇಳಿದರೆ ಸಾಕು, ಮನಸ್ಸಿಗೆ ಪಶ್ಚಿಮ ಘಟ್ಟದ ಹಸಿರು ಬರುತ್ತದೆ. ಆ ಪದ ಹೇಳುವುದು ಅದಕ್ಕಿಂತ ದೊಡ್ಡದು. ಒಂದು, ಎಷ್ಟು ಬಗೆಯ ಜೀವಿಗಳಿವೆ ಎಂಬುದು. ಅದರ ಜೊತೆಗೆ ಒಂದೇ ಜೀವಿಯೊಳಗೆ ಎಷ್ಟು ತಳಿಗಳಿವೆ, ಅವು ಬದುಕುವ ನೆಲೆಗಳು ಎಷ್ಟು ಬಗೆಯವು ಎಂಬುದೂ ಸೇರುತ್ತದೆ. ಹಿಂಗಾರಿಯ ಬಿಳಿಜೋಳ ಬೇರೆ, ಮುಂಗಾರಿಯ ಜೋಳ ಬೇರೆ. ಕಪ್ಪು ಮಣ್ಣಿನ ಎರೆಹೊಲದ ಹುಲ್ಲು ಬೇರೆ, ಗುಡ್ಡದ ಕೆಂಪು ನೆಲದ ಹುಲ್ಲು ಬೇರೆ. ಈ ಬೇರೆ ಬೇರೆ ಇರುವುದೇ ಬರ, ರೋಗ, ಹುಳ ಬಂದಾಗ ಏನಾದರೂ ಒಂದು ಉಳಿಯುವ ಹಾಗೆ ಮಾಡುತ್ತದೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಎರೆ ಬಯಲು, ಗುಂಡುಗಲ್ಲಿನ ಬೆಟ್ಟ, ಕುರುಚಲು ಕಾಡು, ಸಂಡೂರಿನ ಹಸಿರು ಗುಡ್ಡ, ಎರಡು ದೊಡ್ಡ ನದಿ, ಎಲ್ಲ ಇವೆ. ರಾಯಚೂರು ಸೀಮೆಗೆ ಹಿಂದೆ ಎಡೆದೊರೆ ನಾಡು ಎಂಬ ಹೆಸರೇ ಇತ್ತು, ಎರಡು ಹೊಳೆಗಳ ನಡುವಿನ ನಾಡು. ಬರಡು ಸೀಮೆ ಎಂಬ ಮಾತು ನಮಗೆ ಅಂಟಿಕೊಂಡದ್ದು ಹೇಗೋ ಗೊತ್ತಾಗದು.

ಎರೆ ಬಯಲಿನಿಂದ ಶುರು ಮಾಡುತ್ತೇನೆ. ಅಲ್ಲಿ ಒಂದು ಹಕ್ಕಿ ಇದೆ. ಇನ್ನೂ ಇದೆ ಎಂದು ಬರೆಯುವಾಗ ಕೈ ತಡೆಯುತ್ತದೆ. ಎರೆಭೂತ ಎನ್ನುತ್ತಾರೆ, ದೊರವಾಯನ ಹಕ್ಕಿ ಎಂತಲೂ ಹೆಸರಿದೆ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಗಂಡು ಹಕ್ಕಿ ಸುಮಾರು ಒಂದು ಮೀಟರ್ ಎತ್ತರ, 15 ಕಿಲೋವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಪ್ರಪಂಚದಲ್ಲೇ ಕಡಿಮೆ. ಮಿಡತೆ, ದುಂಬಿ, ಬಾರೆ ಹಣ್ಣು, ಹೊಲದ ಕಾಳು ಅದರ ಊಟ. ಇಡೀ ದೇಶದಲ್ಲಿ ಈಗ 150ಕ್ಕಿಂತ ಕಡಿಮೆ ಉಳಿದಿವೆ ಎಂಬ ಅಂದಾಜಿದೆ. ಹೆಚ್ಚಿನವು ರಾಜಸ್ಥಾನದ ಮರುಭೂಮಿಯಲ್ಲಿ. ಕರ್ನಾಟಕಕ್ಕೆ ಉಳಿದ ಒಂದೇ ಆಸೆ ಸಿರುಗುಪ್ಪ ತಾಲ್ಲೂಕಿನ ಎರೆನೆಲ. ಅಲ್ಲಿಯೂ ಬೆರಳಿನಲ್ಲಿ ಎಣಿಸುವಷ್ಟೇ.

ಯಾರೂ ಬೇಟೆಯಾಡದಿದ್ದರೂ ಈ ಹಕ್ಕಿ ಯಾಕೆ ಕಡಿಮೆಯಾಗುತ್ತಿದೆ? ಇದನ್ನು ಸರಿಯಾಗಿ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಹಿಂದೆ ಬೇಟೆಯೂ ಇತ್ತು, ಸಾಕಷ್ಟು ಹಕ್ಕಿ ಹೋದದ್ದು ಅದರಿಂದಲೇ. ಬೇಟೆ ನಿಂತ ಮೇಲೆ ಅವು ಚೇತರಿಸಿಕೊಳ್ಳಬೇಕಿತ್ತು. ಆದರೆ ಹೆಣ್ಣು ಹಕ್ಕಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಗೂಡಿಲ್ಲದೆ ಬಯಲಿನ ನೆಲದ ಮೇಲೆ. ಹಿಂದೆ ಎರೆಹೊಲದಲ್ಲಿ ವರ್ಷಕ್ಕೆ ಒಂದೇ ಬೆಳೆ. ಮಳೆಗಾಲದಲ್ಲಿ ಎಷ್ಟೋ ಹೊಲ ಹಿಂಗಾರಿಗೆಂದು ಹಾಗೇ ಬಿಟ್ಟಿರುತ್ತಿತ್ತು, ಬದುವಿನಲ್ಲಿ ಹುಲ್ಲು ಇರುತ್ತಿತ್ತು. ಹಕ್ಕಿಗೆ ಮೊಟ್ಟೆ ಇಡಲು ಜಾಗ, ಮರಿ ಅಡಗಲು ಮರೆ ಸಿಗುತ್ತಿತ್ತು. ಈಗ ಕಾಲುವೆ ಬಂದಿದೆ, ಬೋರ್‌ವೆಲ್ ಬಂದಿದೆ, ಟ್ರ್ಯಾಕ್ಟರ್ ಬದುವನ್ನೂ ಬಿಡುವುದಿಲ್ಲ. ನೆಲಕ್ಕೆ ಬಿಡುವೇ ಇಲ್ಲ. ನಾಯಿಗಳು ಜಾಸ್ತಿಯಾಗಿವೆ. ಇದ್ದ ಒಂದು ಮೊಟ್ಟೆ ಹೋದರೆ ಆ ವರ್ಷದ ಕಥೆ ಮುಗಿಯಿತು.

ಅದರ ಮೇಲೆ ವಿದ್ಯುತ್ ತಂತಿ. ಈ ಹಕ್ಕಿಯ ಕಣ್ಣು ತಲೆಯ ಎರಡು ಬದಿಗೆ ಇದೆ. ನೆಲದ ಮೇಲೆ ಸುತ್ತಲಿನ ಅಪಾಯ ನೋಡಲು ಅದು ಒಳ್ಳೆಯದು, ಆದರೆ ಹಾರುವಾಗ ನೇರ ಮುಂದಿರುವುದು ಸರಿಯಾಗಿ ಕಾಣುವುದಿಲ್ಲ. ತಂತಿ ಹತ್ತಿರ ಬಂದ ಮೇಲೆ ಕಂಡರೂ ಆ ಭಾರದ ದೇಹವನ್ನು ತಟ್ಟನೆ ತಿರುಗಿಸಲು ಆಗದು. ಗಾಳಿ, ಸೌರ ವಿದ್ಯುತ್ತು ನಮಗೆ ಬೇಕೇಬೇಕು. ಕಲ್ಲಿದ್ದಲು ಸುಟ್ಟರೆ ಏನಾಗುತ್ತದೆ ಎಂದು ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇರುವ ಶಕ್ತಿನಗರದ ಸುತ್ತಲಿನ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಫ್ಯಾನು, ಫಲಕ, ತಂತಿ ಹಾಕಲು ನಾವು ಮೊದಲು ಹುಡುಕುವುದು ಮತ್ತೆ ಅದೇ 'ಖಾಲಿ' ಬಯಲನ್ನು. ರಾಜಸ್ಥಾನ, ಗುಜರಾತಿನ ತಂತಿಗಳ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2021ರಲ್ಲಿ ತಂತಿಯನ್ನು ನೆಲದಡಿ ಹಾಕಿ ಎಂದು ಕೋರ್ಟ್ ಹೇಳಿತು, 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು.

ಕೊಪ್ಪಳದ ಕಡೆ ಬಂದರೆ ಇದೇ ಬಯಲಿನ ಇನ್ನೊಂದು ಜೀವ ತೋಳ. ನಮ್ಮಲ್ಲಿ ಗಾದೆ ಇದೆ, ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಗಾದೆ ಎಷ್ಟು ನಿಜ ಎಂಬುದಕ್ಕೆ ತೋಳದ ಇಂದಿನ ಲೆಕ್ಕವೇ ಸಾಕ್ಷಿ. ದೇಶದಲ್ಲಿ 2 ರಿಂದ 3 ಸಾವಿರ ಇರಬಹುದು ಅಷ್ಟೇ, ಹುಲಿಗಳಿಗಿಂತಲೂ ಕಡಿಮೆ. ತೋಳ ಚಿಗರಿಯನ್ನು (ಕೃಷ್ಣಮೃಗ), ಮೊಲವನ್ನು ತಿಂದು ಬದುಕುತ್ತಿತ್ತು. ಬಯಲು ಉಳುಮೆಗೆ ಹೋದಾಗ ಚಿಗರಿಗೆ ಹುಲ್ಲು ಹೋಯಿತು. ಅದು ಹೊಲಕ್ಕೆ ಇಳಿಯಿತು. ಯಲಬುರ್ಗಾ, ಕುಕನೂರಿನ ರೈತರನ್ನು ಕೇಳಿ, ರಾತ್ರಿಯಿಡೀ ಕಾದರೂ ಮೊಳಕೆ ಉಳಿಯುವುದಿಲ್ಲ ಎನ್ನುತ್ತಾರೆ. ತೋಳ ಕುರಿಹಟ್ಟಿಗೆ ಬಂತು. ಒಂದು ರಾತ್ರಿಗೆ ನಾಲ್ಕೈದು ಕುರಿ ಹೋದರೆ ಕುರಿಗಾಹಿಯ ವರ್ಷದ ದುಡಿಮೆ ಹೋದಂತೆ. ಅವನು ಸತ್ತ ಕುರಿಗೆ ವಿಷ ಸವರಿಟ್ಟರೆ ತೋಳದ ಜೊತೆ ಕತ್ತೆಕಿರುಬ, ನರಿ, ಹದ್ದು ಎಲ್ಲವೂ ಸಾಯುತ್ತವೆ. ರೈತನನ್ನೋ ಕುರಿಗಾಹಿಯನ್ನೋ ಬೈದು ಪ್ರಯೋಜನವಿಲ್ಲ. ಪೆಟ್ಟು ಬಿದ್ದದ್ದು ಮೊದಲು ಹುಲ್ಲಿಗೆ. ಅಲ್ಲಿಂದ ಒಂದರಿಂದ ಒಂದಕ್ಕೆ ಅದು ಸಾಗಿ ನಮ್ಮ ಮನೆಬಾಗಿಲಿಗೇ ಬಂದು ನಿಂತಿದೆ.

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಜಾಗವನ್ನು ತೋಳಧಾಮ ಮಾಡಿರುವುದು ನನಗೆ ದೊಡ್ಡ ಸಮಾಧಾನ. ಕರ್ನಾಟಕದಲ್ಲಿ ತೋಳಕ್ಕೆಂದೇ ಮೀಸಲಾದ ಮೊದಲ ಜಾಗ ಅದು. ಆದರೆ ಒಂದು ತೋಳ ರಾತ್ರಿಗೆ ಹತ್ತಾರು ಕಿಲೋಮೀಟರ್ ನಡೆಯುತ್ತದೆ. ಧಾಮದ ಗಡಿ ಅದಕ್ಕೆ ಗೊತ್ತಿಲ್ಲ. ಹೊರಗಿನ ಬಯಲಿನಲ್ಲಿ ಸಿಗುವ ಬೀದಿನಾಯಿಗಳಿಂದ ರೋಗವೂ ಬರುತ್ತದೆ, ನಾಯಿಯ ಜೊತೆ ಕೂಡಿ ತಳಿಯೂ ಬೆರಕೆಯಾಗುತ್ತದೆ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ನೂರು ಎಕರೆಯ ಒಂದು ಕಾಡು, ಹತ್ತು ಎಕರೆಯ ಹತ್ತು ಕಾಡು, ಎರಡೂ ಸಮ ಅಲ್ಲ. ತುಂಡಾದಷ್ಟೂ ಅಂಚು ಜಾಸ್ತಿ. ಅಂಚಿನಿಂದ ಬೆಂಕಿ, ನಾಯಿ, ಜಾಲಿ, ಜನ ಒಳಗೆ ಬರುತ್ತಾರೆ. ಒಂದು ತುಂಡಿನ ಪ್ರಾಣಿ ಇನ್ನೊಂದಕ್ಕೆ ಹೋಗಲಾಗದಿದ್ದರೆ ತಮ್ಮ ತಮ್ಮಲ್ಲೇ ಕೂಡಿ ತಳಿ ಬಲ ಕಳೆದುಕೊಳ್ಳುತ್ತದೆ. ದರೋಜಿ ಕರಡಿಧಾಮ ನೆನಪಿಸಿಕೊಳ್ಳಿ. 1994ರಲ್ಲಿ ಸುಮಾರು 56 ಚದರ ಕಿಲೋಮೀಟರ್ ಜಾಗವನ್ನು ಕರಡಿಗೆಂದು ಘೋಷಿಸಿದರು, 2009ರಲ್ಲಿ ಅದನ್ನು ಸುಮಾರು 82ಕ್ಕೆ ಹಿಗ್ಗಿಸಿದರು. ಕಾಯ್ದುಕೊಂಡ ಕೆಲವೇ ವರ್ಷಗಳಲ್ಲಿ ಬೋಳು ಬಂಡೆಯ ನಡುವೆ ಕಾರೆ, ಕವಳಿ, ಬಾರೆ ಎದ್ದವು. ಸಂಜೆ ಹೊತ್ತು ಕರಡಿಗಳು ಬಂಡೆಯ ಮೇಲೆ ಇಳಿಯುವುದನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಕರಡಿ ಗೆದ್ದಲು, ಜೇನು, ಹಣ್ಣು ತಿನ್ನುವ ಪ್ರಾಣಿ. ಬಾರೆ, ಕಕ್ಕೆಯ ಬೀಜ ಅದರ ಹೊಟ್ಟೆಯಿಂದ ಹಾದು ಬೇರೆ ಕಡೆ ಮೊಳೆಯುತ್ತದೆ. ಅಂದರೆ ಕರಡಿ ತನ್ನ ಕಾಡನ್ನು ತಾನೇ ಬಿತ್ತುತ್ತದೆ. ಆದರೆ ಅದರ ಸುತ್ತ ಹೊಲ, ಕಾಲುವೆ, ರಸ್ತೆ, ಕ್ವಾರಿ.

ಗುಂಡುಗಲ್ಲಿನ ಬೆಟ್ಟಗಳನ್ನಂತೂ ನಾವು ಜೀವ ಇರುವ ಜಾಗ ಎಂದೇ ಎಣಿಸಿಲ್ಲ. ಗಂಗಾವತಿ, ಕೊಪ್ಪಳ, ಹಂಪಿ ಕಡೆಯ ಆ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಕಲ್ಲಿನ ಸಂದಿಯಲ್ಲಿ ಕರಡಿ ಮರಿ ಹಾಕುತ್ತದೆ, ಚಿರತೆ ಮಲಗುತ್ತದೆ, ಕೊಂಬಿನ ಗೂಬೆ ಮೊಟ್ಟೆ ಇಡುತ್ತದೆ. ಆ ಗೂಬೆ ರಾತ್ರಿಯೆಲ್ಲ ನಮ್ಮ ಹೊಲದ ಇಲಿ ಹಿಡಿಯುತ್ತದೆ. ಹಳದಿ ಕತ್ತಿನ ಪಿಕಳಾರ ಎಂಬ ಹಕ್ಕಿ ಇರುವುದು ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳಲ್ಲಿ ಮಾತ್ರ. ಕಾಡು ಕಡಿದರೆ ಐವತ್ತು ವರ್ಷಕ್ಕೆ ಏನಾದರೂ ಬಂದೀತು. ಒಡೆದ ಬೆಟ್ಟ ತಿರುಗಿ ಬರುವ ದಾರಿಯೇ ಇಲ್ಲ.

ಸಂಡೂರಿನ ಕಥೆ ಎಲ್ಲರಿಗೂ ಗೊತ್ತು, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. 2003ರ ನಂತರ ಹೊರದೇಶದಲ್ಲಿ ಕಬ್ಬಿಣದ ಅದಿರಿನ ಬೆಲೆ ಏರಿತು, ಗುಡ್ಡ ಕರಗಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲೂಟಿಯಾದ ದುಡ್ಡಿನ ಲೆಕ್ಕವನ್ನು ಎಲ್ಲರೂ ಹೇಳಿದರು. ಮೇಲ್ಮಣ್ಣಿನ ಲೆಕ್ಕ ಹೇಳಿದವರು ಕಡಿಮೆ. ಅದಿರು ತೆಗೆಯಲು ಮೊದಲು ಮೇಲಿನ ಮಣ್ಣು ಕೆರೆದು ಪಕ್ಕಕ್ಕೆ ಸುರಿಯುತ್ತಾರೆ. ನೂರಾರು ವರ್ಷದ ಬೀಜ, ಬೇರು, ಶಿಲೀಂಧ್ರ, ಗೆದ್ದಲು ಎಲ್ಲ ಇರುವುದು ಆ ಒಂದೆರಡು ಅಡಿಯಲ್ಲಿ. ಹಾಗೆ ಸುರಿದ ರಾಶಿ ಮಳೆಗೆ ತೊಳೆದು ಹಳ್ಳಕ್ಕೆ ಇಳಿಯುತ್ತದೆ. ಲಾರಿಯ ಕೆಂಪು ದೂಳು ಎಲೆಯ ಮೇಲೆ ಕೂತು ಉಸಿರಾಡುವ ಸಣ್ಣ ರಂಧ್ರ ಮುಚ್ಚುತ್ತದೆ, ಬೆಳಕು ತಡೆಯುತ್ತದೆ. ಆಮೇಲೆ ಸಾಲಾಗಿ ಒಂದೇ ಜಾತಿಯ ಸಸಿ ನೆಟ್ಟು ಹಸಿರು ತೋರಿಸಬಹುದು. ಹಸಿರು ಎಲ್ಲ ಕಾಡಲ್ಲ, ಬಳ್ಳಾರಿ ಜಾಲಿಯೂ ಹಸಿರೇ ಅಲ್ವಾ?

ಈಗ ಹೊಳೆಗೆ ಬರೋಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ನಿಂತಾಗ ಅದರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಸುಮಾರು 105. ಉಳಿದ ಜಾಗದಲ್ಲಿ ಹೂಳು ಕೂತಿದೆ. ಮೇಲಿನ ಸೀಮೆಯ ಗುಡ್ಡ, ಕಾಡು, ಹೊಲ ಕಳೆದುಕೊಂಡ ಮಣ್ಣು ಅದು. ಹುಲ್ಲಿನ ಬೇರು, ಕಾಡಿನ ಬೇರು ಹಿಡಿದಿಟ್ಟುಕೊಳ್ಳಬೇಕಿದ್ದದ್ದು. ಜೀವವೈವಿಧ್ಯ ಹೋದರೆ ರೈತನಿಗೇನು ನಷ್ಟ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ 28 ಟಿಎಂಸಿಯನ್ನು. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಪ್ರತಿ ವರ್ಷ ಸಿಂಧನೂರು, ಮಾನ್ವಿಯಲ್ಲಿ ಕಾಯುತ್ತಾ ಕೂರುವವರಿಗೆ ಅದರ ಬೆಲೆ ಗೊತ್ತು.

ಅಣೆಕಟ್ಟಿನ ಕೆಳಗೆ ಹೊಳೆ ಬಂಡೆಗಳ ನಡುವೆ ಕವಲೊಡೆದು ಹರಿಯುವ ಕಡೆ ನೀರುನಾಯಿಗಳಿವೆ. ಕುಟುಂಬ ಕುಟುಂಬವಾಗಿ ಬದುಕುವ, ಮೀನು ಹಿಡಿದು ತಿನ್ನುವ ಚುರುಕು ಪ್ರಾಣಿ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಿದರು. ದೇಶದಲ್ಲಿ ನೀರುನಾಯಿಗೆಂದು ಮಾಡಿದ ಮೊದಲ ಮೀಸಲು ಇದೇ. ನೀರುನಾಯಿಗೆ ಮೂರು ಬೇಕು: ಮೀನು, ಶುದ್ಧ ನೀರು, ಬಿಲ ತೋಡಲು ಜೊಂಡೂ ಮರಳೂ ಇರುವ ದಂಡೆ. ಮೂರಕ್ಕೂ ನಾವು ಕೈ ಹಾಕಿದ್ದೇವೆ.

ಮೀನಿಗೆ ಜಿಲೆಟಿನ್ ಕಡ್ಡಿ ಎಸೆಯುವವರಿದ್ದಾರೆ. ನೀರಿನೊಳಗೆ ಸಿಡಿದಾಗ ಅದರ ಹೊಡೆತ ಮೀನಿನ ಒಳಗಿನ ಗಾಳಿಚೀಲವನ್ನೇ ಒಡೆಯುತ್ತದೆ. ಕೈಗೆ ಸಿಗುವುದು ತೇಲಿದಷ್ಟು. ಮುಳುಗಿದ್ದು, ಮರಿ, ತತ್ತಿ ಎಲ್ಲ ಸುಮ್ನೆ ಹಾಳು. ಬಲೆ ಹಾಕಿ ಬದುಕುವ ಮೀನುಗಾರನಿಗೆ ಮುಂದಿನ ವರ್ಷ ಮೀನಿಲ್ಲ. ಮರಳು ತೆಗೆದರೆ ಆಮೆ, ಮೊಸಳೆ ಮೊಟ್ಟೆ ಇಡುವ ದಿಬ್ಬ ಹೋಗುತ್ತದೆ. ಇನ್ನು ನೀರು. ಗಂಗಾವತಿಯನ್ನು ಭತ್ತದ ಕಣಜ ಎನ್ನುತ್ತೇವೆ. ಆ ಸೋನಾ ಮಸೂರಿಗೆ ಸುರಿದ ಯೂರಿಯಾದಲ್ಲಿ ಬೆಳೆ ಹೀರಿಕೊಂಡು ಉಳಿದದ್ದು ಎಲ್ಲಿ ಹೋಗುತ್ತದೆ? ಗದ್ದೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ನೀರಿಗೂ ಗೊಬ್ಬರ ಹಾಕಿದಂತೆ ಅದು. ಊರುಗಳ ಚರಂಡಿಯೂ ಅದಕ್ಕೆ ಸೇರುತ್ತದೆ. ಪಾಚಿ ಒಮ್ಮೆಲೇ ಉಕ್ಕುತ್ತದೆ, ಜಲಾಶಯದ ನೀರು ಹಸಿರಾಗುವುದನ್ನು ನಾವೇ ಕಂಡಿದ್ದೇವೆ. ಆ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿಂದುಬಿಡುತ್ತದೆ. ಮೀನು ಉಸಿರುಗಟ್ಟಿ ಸಾಯುತ್ತದೆ. ಇತ್ತ ಗದ್ದೆಯಲ್ಲಿ ನೀರು ನಿಂತು ನಿಂತು ಭೂಮಿ ಉಪ್ಪುಗಟ್ಟಿ ಸೌಳು ಜವಳಾಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸೌಳಿನ ಮೇಲೆಯೇ ದಶಕಗಳಿಂದ ಕೆಲಸ ನಡೆಯುತ್ತಿದೆ.

ಹೊಲದೊಳಗಿನ ನಷ್ಟ ಮಾತ್ರ ಸದ್ದಿಲ್ಲದೆ ಆಗಿದೆ. ನಮ್ಮ ಅಮ್ಮ ಜೋಳದ ಹೊಲದಿಂದ ಬರುವಾಗ ಸೆರಗಿನಲ್ಲಿ ಪಲ್ಯ ತರುತ್ತಿದ್ದಳು. ಹತ್ತರಕಿ, ಗೋಳಿ, ಕಿರಕಸಾಲಿ. ಯಾರೂ ಬಿತ್ತಿದ್ದಲ್ಲ. ರೊಟ್ಟಿ ಜೊತೆ ಅದೇ ಊಟ. ಕಳೆನಾಶಕ ಬಂದ ಮೇಲೆ ಪುಸ್ತಕದಲ್ಲಿ ಅವೆಲ್ಲ 'ಕಳೆ'. ಜೋಳ, ನವಣೆ, ತೊಗರಿ, ಅಗಸೆ ಒಂದೇ ಹೊಲದಲ್ಲಿ ಅಕ್ಕಡಿ ಸಾಲಾಗಿ ನಿಲ್ಲುತ್ತಿದ್ದವು. ಒಂದಕ್ಕೆ ಹುಳ ಬಿದ್ದರೆ ಇನ್ನೊಂದು ಕೈಹಿಡಿಯುತ್ತಿತ್ತು. ಕಾಯಿಕೊರಕ ಹುಳಕ್ಕೆ ವಿಷವಾಗುವಂತೆ ತಳಿ ಮಾರ್ಪಡಿಸಿದ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ರಾಯಚೂರಿನ ಹತ್ತಿ ಹೊಲಗಳಲ್ಲಿ ನಾಟಿ ಹತ್ತಿ ಕಾಣುವುದೇ ಅಪರೂಪವಾಯಿತು. ಎಲ್ಲ ಕಡೆ ಒಂದೇ ಬಗೆಯ ಗಿಡ ಇದ್ದರೆ ಹುಳಕ್ಕೆ ಕಲಿಯಬೇಕಾದ ಪಾಠವೂ ಒಂದೇ. ಗುಲಾಬಿ ಕಾಯಿಕೊರಕ ಅದನ್ನು ಕಲಿತುಬಿಟ್ಟಿತು. ಸೂರ್ಯಕಾಂತಿಗೆ ಜೇನು ಬರದಿದ್ದರೆ ಕಾಳು ಕಟ್ಟುವುದಿಲ್ಲ. ಜೇನು ಸಾಲದ ಕಡೆ ಹೂವಿನ ತಲೆಗಳನ್ನು ಬಟ್ಟೆಯಿಂದ ಒರೆಸಿ, ಇಲ್ಲವೇ ಒಂದಕ್ಕೊಂದು ಉಜ್ಜಿ ಪರಾಗ ಸೇರಿಸಬೇಕು. ಜೇನು ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಈಗ ಕೂಲಿ ಲೆಕ್ಕ ಬರೆಯಬೇಕು.

ಪ್ರಪಂಚದ ಲೆಕ್ಕವೂ ಇದೇ ದಾರಿಯಲ್ಲಿದೆ. 2019ರಲ್ಲಿ ವಿಶ್ವಸಂಸ್ಥೆ ಬೆಂಬಲದ ಜೀವವೈವಿಧ್ಯ ವೇದಿಕೆಯ ವರದಿ ಸುಮಾರು 10 ಲಕ್ಷ ಜೀವಜಾತಿಗಳು ಅಳಿವಿನ ಅಂಚಿಗೆ ಬರುತ್ತಿವೆ ಎಂದಿತು. ನೆಲ, ಕಡಲಿನ ಬಳಕೆ ಬದಲಾದದ್ದು, ಅತಿಯಾಗಿ ಹಿಡಿದು ಕಡಿದದ್ದು, ಹವಾಮಾನ ಬದಲಾವಣೆ, ಮಾಲಿನ್ಯ, ಹೊರಗಿನಿಂದ ಬಂದು ಹಬ್ಬಿದ ಜೀವಿಗಳು ಎಂದು ಐದು ಕಾರಣ ಕೊಟ್ಟಿತು. ಓದುತ್ತಾ ನನಗೆ ಎರೆ ಬಯಲು, ಜಿಲೆಟಿನ್ ಕಡ್ಡಿ, ನಮ್ಮ ಬಿಸಿಲು, ಹಸಿರುಗಟ್ಟಿದ ನೀರು, ಬಳ್ಳಾರಿ ಜಾಲಿ ಸಾಲಾಗಿ ನೆನಪಾದವು.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ತಳಿ, ಅವುಗಳ ಬಳಕೆ ಎಲ್ಲವನ್ನೂ ಜನರಿಂದಲೇ ಕೇಳಿ ಒಂದು ದಾಖಲೆ ಬರೆಯಬೇಕು. ಇದು ಸಣ್ಣ ವಿಷಯ ಅಲ್ಲ. ನಾಳೆ ಯಾರೋ ಬಂದು ಈ ಗಾಯರಾಣ ಪಾಳು ಎಂದಾಗ, ಇಲ್ಲ, ಇಲ್ಲಿ ಇಂತಿಂಥದ್ದು ಇದೆ ಎಂದು ತೋರಿಸಲು ಕೈಯಲ್ಲಿ ಕಾಗದ ಇರುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಆ ದಾಖಲೆ ಇದೆಯೇ, ಇದ್ದರೆ ಅದರಲ್ಲಿ ಏನು ಬರೆದಿದ್ದಾರೆ ಎಂದು ಒಮ್ಮೆ ಹೋಗಿ ಕೇಳಿ.

ಹೋದ ವರ್ಷ ಮಳೆಗಾಲ ಮುಗಿದಾಗ ನಾನು ನಮ್ಮೂರಿನ ಒಬ್ಬ ಹಿರಿಯ ಕುರಿಗಾಹಿ ಜೊತೆ ಗಾಯರಾಣ ಸುತ್ತಿದೆ, ಕೈಯಲ್ಲಿ ಒಂದು ನೋಟ್‌ಬುಕ್. ಕರಡ, ಗರಿಕೆ, ಬಾದೆ ಎಂದು ಅಜ್ಜ ಹೆಸರು ಹೇಳುತ್ತಾ ಹೋದ, ನಾನು ಬರೆದುಕೊಂಡೆ. ಅಜ್ಜ ಹೇಳಿದ ಒಂದು ಹುಲ್ಲು ಮಾತ್ರ ಸಿಗಲಿಲ್ಲ. ಸಂಜೆವರೆಗೆ ಹುಡುಕಿದೆವು. ಕೊನೆಗೆ ಒಂದು ಜಾಲಿ ಪೊದೆಯ ಮುಳ್ಳಿನೊಳಗೆ ಒಂದು ಹಿಡಿಯಷ್ಟು ಕಂಡಿತು. ಇಷ್ಟು ಕಡಿಮೆ ಯಾಕಜ್ಜ ಎಂದೆ. "ತಮ್ಮಾ, ಕುರಿ ಮೊದ್ಲು ಹುಡುಕ್ಯಾಡಿ ತಿನ್ನೋದು ಇದನ್ನ. ಇಲ್ಲಿ ಬಾಯಿ ಹೋಗಂಗಿಲ್ಲ, ಅದಕ್ಕ ಉಳದೈತಿ" ಎಂದ. ಕೈ ತೂರಿಸಿ ಒಂದು ತೆನೆ ಕಿತ್ತು, ಉದುರದ ಹಾಗೆ ನನ್ನ ನೋಟ್‌ಬುಕ್ಕಿನ ಹಾಳೆಗಳ ನಡುವೆ ಇಟ್ಟ.